407ರ ಕಿಂಗ್ ಪಿನ್ ಬುಶ್ ಬದಲಾಯಿಸಿದ ಕಥೆ

ನಮ್ಮದು ಹಳೇ ಟಾಟಾ 407 ಮಿನಿ ಲಾರಿ, ಕೆಎ 15, ಸಾಗರದ ಗಾಡಿ. ಅಡಿಕೆ ಮೂಟೆ, ಗೊಬ್ಬರ, ದರಗು ಅಂದ್ರೆ ತರಗೆಲೆ, ಮಳೆಗಾಲಕ್ಕೆ ಮುಂಚೆ ಅವರಿವರ ಮನೆಗೆ ಒಂದಿಷ್ಟು ಹೆಂಚು ಜಲ್ಲಿ, ಇಷ್ಟೇ ಇದರ ಕೆಲಸ. ಇಂಜಿನ್ ಬಗ್ಗೆ ದೂರಿಲ್ಲ, ಚಳಿಗಾಲದ ಬೆಳಿಗ್ಗೆನೂ ಒಂದೇ ಸೆಲ್ಫಿಗೆ ಏಳ್ತದೆ. ತಲೆನೋವು ಕೊಟ್ಟಿದ್ದು ಸ್ಟೀರಿಂಗು. ಮೊದಲು ಸುಮ್ನೆ ಸ್ವಲ್ಪ ಪ್ಲೇ, ಅಂದ್ರೆ ಸಡಿಲ, ಇತ್ತು, ಹಳೇ ಗಾಡಿ ಅಂದ್ಮೇಲೆ ಇರ್ತದೆ ಅಂತ ಬಿಟ್ವಿ, ಆಮೇಲೆ ಬಿ.ಎಚ್. ರೋಡಲ್ಲಿ ನಲವತ್ತು ನಲವತ್ತೈದರ ಸ್ಪೀಡಲ್ಲಿ ಹೋಗ್ತಾ ಒಂದು ಗುಂಡಿಗೆ ಬಿದ್ರೆ ಸಾಕು, ಮುಂದಿನ ಎರಡೂ ಚಕ್ರ ಗಡಗಡ ಅಂತ ಆ ಕಡೆ ಈ ಕಡೆ ಅಲ್ಲಾಡೋಕೆ ಶುರು, ಸ್ಟೀರಿಂಗ್ ಕೈಯಲ್ಲಿ ನಿಲ್ಲೋದೇ ಇಲ್ಲ, ಬ್ರೇಕ್ ಒತ್ತಿ ಪೂರ್ತಿ ಸ್ಲೋ ಮಾಡಿದ್ಮೇಲೇ ಅದು ಸುಮ್ಮನಾಗೋದು. ಲೋಡ್ ಇದ್ದಾಗ ಕಮ್ಮಿ, ಖಾಲಿ ಗಾಡೀಲಿ ಜಾಸ್ತಿ. ಎಡಗಡೆ ಮುಂದಿನ ಟೈರು ಒಂದು ಮಗ್ಗುಲಲ್ಲಿ ಮಾತ್ರ ಸವೆದು ನೈಲಾನ್ ದಾರ ಕಾಣೋಕೆ ಬಂದಿತ್ತು.

ಅಷ್ಟೊತ್ತಿಗೆ ಎಫ್‌ಸಿನೂ, ಅಂದ್ರೆ ಫಿಟ್ನೆಸ್ ಸರ್ಟಿಫಿಕೇಟಿನ ತಪಾಸಣೆನೂ, ಹತ್ರ ಬಂತು. ಎಂಟು ವರ್ಷ ದಾಟಿದ ಬಾಡಿಗೆ ಗಾಡಿಗೆ ವರ್ಷ ವರ್ಷ ಎಫ್‌ಸಿ ಮಾಡಿಸಬೇಕಲ್ಲ, ಅಲ್ಲಿ ಇನ್ಸ್‌ಪೆಕ್ಟರ್ ಮೊದಲು ಹಿಡಿದು ಅಲ್ಲಾಡಿಸೋದೇ ಸ್ಟೀರಿಂಗು. 1989ರ ಕೇಂದ್ರ ಮೋಟಾರು ವಾಹನ ನಿಯಮದಲ್ಲಿ 98ನೇ ರೂಲು ಇದಕ್ಕೇ ಇದೆ, ಸ್ಟೀರಿಂಗ್ ವ್ಹೀಲಲ್ಲಿ ಪ್ಲೇ 30 ಡಿಗ್ರಿ ಮೀರಬಾರದು, ಬಾಲ್ ಜಾಯಿಂಟುಗಳಿಗೆ ರಬ್ಬರ್ ಕ್ಯಾಪ್ ಇರಬೇಕು, ಬೋಲ್ಟು ಪಿನ್ನುಗಳು ಸರಿಯಾಗಿ ಲಾಕ್ ಆಗಿರಬೇಕು ಅಂತ. ನಮ್ಮ ಸ್ಟೀರಿಂಗ್ ಚಕ್ರದ ಅಂಚಲ್ಲಿ ಅಳೆದ್ರೆ 30 ಡಿಗ್ರಿ ಅಂದ್ರೆ ನಾಕೂವರೆ ಇಂಚಿನ ಆಸುಪಾಸು ಬರ್ತದೆ, ಕಮ್ಮಿ ಏನಲ್ಲ, ಧಾರಾಳವಾಗೇ ಕೊಟ್ಟಿದಾರೆ. ನಮ್ಮದು ಅದನ್ನೂ ದಾಟಿತ್ತು. ಟೇಪ್ ಹಿಡಿದು ನೋಡೋ ಅಗತ್ಯನೂ ಇರಲಿಲ್ಲ, ಮುಕ್ಕಾಲು ಗೇಣು ತಿರುಗಿಸಿದ್ಮೇಲೆ ಚಕ್ರ ಕದಲ್ತಿತ್ತು.

ಇಂಥ ಟೈಮಲ್ಲಿ ಸಲಹೆಗೇನು ಬರ ಇಲ್ಲ. ಮಾರಿಬಿಟ್ಟು ಪಿಕಪ್ ತಗೋ ಅಂದವರು ಇದಾರೆ. ಸ್ಟೀರಿಂಗ್ ಬುಡದ ಗೇರ್ ಪೆಟ್ಟಿಗೆ ಇದೆಯಲ್ಲ, ಆ ಸ್ಟೀರಿಂಗ್ ಬಾಕ್ಸ್ ಮೇಲೆ ಒಂದು ಸ್ಕ್ರೂ ಇರ್ತದೆ, ಅದನ್ನ ಅರ್ಧ ಸುತ್ತು ಟೈಟ್ ಮಾಡು, ಎಲ್ಲ ಸರಿಹೋಗ್ತದೆ ಅಂದವರು ಜಾಸ್ತಿ. ಈ ಎರಡನೇದು ನಿಜವಾಗ್ಲೂ ಅಪಾಯದ ಮಾತು. ಬಾಕ್ಸ್ ಒಳಗೆ ಸವೆಯೋದು ನಡುಭಾಗ, ಯಾಕಂದ್ರೆ ಗಾಡಿ ಬಹುಪಾಲು ನೇರ ಹೋಗ್ತದೆ. ನಡುವಿನ ಸವಕಳಿ ಮುಚ್ಚೋ ಅಷ್ಟು ಟೈಟ್ ಮಾಡಿದ್ರೆ ತಿರುವಲ್ಲಿ ಪೂರ್ತಿ ತಿರುಗಿಸಿದಾಗ ಅದು ಹಿಡ್ಕೊಳ್ತದೆ, ಸ್ಟೀರಿಂಗ್ ವಾಪಸ್ ಬರಲ್ಲ. ನಮ್ಮ ಘಾಟಿ ರಸ್ತೆಗಳಲ್ಲಿ ಸ್ಟೀರಿಂಗ್ ವಾಪಸ್ ಬರದೇ ಇದ್ರೆ ಏನಾಗ್ತದೆ ಅಂತ ಹೇಳಬೇಕಿಲ್ಲ. ಅದೂ ಅಲ್ದೆ ಪ್ಲೇ ಬಾಕ್ಸಲ್ಲೇ ಇದೆ ಅಂತ ಯಾರು ನೋಡಿದ್ದು?

ನೋಡೋಕೆ ಅಂತ ಪೇಟೆಯ ನಮ್ಮ ಮಾಮೂಲಿ ಶೆಡ್ಡಿಗೆ ಹಾಕಿದೆ. ಅಲ್ಲಿಯ ಮೇಸ್ತ್ರಿ ವಯಸ್ಸಾದವರು, ಎಲ್ಲರೂ ಭಾಯ್ ಅಂತಾರೆ, ಮಾತು ಕಮ್ಮಿ. ಅವರು ಸ್ಪ್ಯಾನರ್ ಮುಟ್ಟಲಿಲ್ಲ. ಹುಡುಗನ್ನ ಸೀಟಲ್ಲಿ ಕೂರಿಸಿ ಸ್ಟೀರಿಂಗ್ ನಿಧಾನಕ್ಕೆ ಎಡಕ್ಕೆ ಬಲಕ್ಕೆ ಆಡಿಸ್ತಾ ಇರು ಅಂದ್ರು, ತಾವು ಗೋಣಿ ಹಾಸಿ ಕೆಳಗೆ ಮಲಗಿ ಒಂದೊಂದು ಜಾಯಿಂಟಿನ ಮೇಲೂ ಅಂಗೈ ಇಟ್ಕೊಂಡು ಬಂದ್ರು. ಬಾಕ್ಸಿಂದ ಇಳಿಯೋ ಡ್ರಾಪ್ ಆರ್ಮ್, ಅದನ್ನ ಚಕ್ರದ ಕಡೆಗೆ ಸೇರಿಸೋ ಡ್ರ್ಯಾಗ್ ಲಿಂಕಿನ ಎರಡು ತುದಿ, ಎರಡೂ ಚಕ್ರ ಜೋಡಿಸೋ ಟೈ ರಾಡಿನ ಎರಡು ತುದಿ. ನನ್ನನ್ನೂ ಮಲಗಿಸಿ ಕೈ ಇಡಿಸಿದ್ರು. ಸರಿ ಇರೋ ಜಾಯಿಂಟಲ್ಲಿ ಎರಡು ಕಬ್ಬಿಣ ಒಟ್ಟಿಗೇ ಚಲಿಸ್ತವೆ, ಸವೆದದ್ದರಲ್ಲಿ ಒಂದು ಮೊದಲು ಚಲಿಸಿ ಇನ್ನೊಂದು ಆಮೇಲೆ ಟಕ್ ಅಂತದೆ, ಆ ಟಕ್ ಕಿವಿಗೆ ಕೇಳಲ್ಲ ಅಂಗೈಗೆ ಗೊತ್ತಾಗ್ತದೆ. ಟೈ ರಾಡಿನ ಎರಡೂ ತುದೀಲಿ ಟಕ್ ಇತ್ತು, ಡ್ರ್ಯಾಗ್ ಲಿಂಕಿನ ಮುಂದಿನದರಲ್ಲಿ ಸ್ವಲ್ಪ.

ಆಮೇಲೆ ಆಕ್ಸಲ್ ಕೆಳಗೆ ಜಾಕಿ ಕೊಟ್ಟು ಚಕ್ರ ಎತ್ತಿ, ಟೈರಿನ ತಲೆ ಒಂದು ಕೈಲಿ ಬುಡ ಒಂದು ಕೈಲಿ ಹಿಡಿದು ಒಳಕ್ಕೆ ಹೊರಕ್ಕೆ ಅಲ್ಲಾಡಿಸಿದ್ರು. ಎಡಗಡೆ ಚಕ್ರ ಕಣ್ಣಿಗೆ ಕಾಣೋ ಹಾಗೆ ಅಲ್ಲಾಡ್ತು. ನಾನು ವ್ಹೀಲ್ ಬೇರಿಂಗ್ ಹೋಗಿದೆ ಅಂದೆ. ಭಾಯ್ "ತಾಳಿ ಭಟ್ರೇ" ಅಂತ ಹುಡುಗನಿಗೆ ಬ್ರೇಕ್ ಒತ್ತಿ ಹಿಡಿ ಅಂದ್ರು. ಬ್ರೇಕ್ ಒತ್ತಿದಾಗ ಡ್ರಮ್ಮು, ಚಕ್ರ ಕೂರೋ ಸ್ಟಬ್ ಆಕ್ಸಲ್ ಎರಡೂ ಒಂದಾಗಿ ಕಚ್ಕೊಳ್ತವೆ, ಬೇರಿಂಗ್ ಪ್ಲೇ ಆದ್ರೆ ಆಗ ಮಾಯ ಆಗಬೇಕು. ಮಾಯ ಆಗಲಿಲ್ಲ, ಅಷ್ಟೇ ಅಲ್ಲಾಡ್ತು. ಅಲ್ಲಿಗೆ ಕಿಂಗ್ ಪಿನ್ ಬುಶ್ ಅಂತ ತೀರ್ಮಾನ. ಸ್ಟೀರಿಂಗ್ ಬಾಕ್ಸಿನದು ಏನೂ ದೊಡ್ಡ ತಪ್ಪಿರಲಿಲ್ಲ.

ಗೊತ್ತಿಲ್ಲದವರಿಗೆ ಒಂದು ಮಾತು. ಈ ಹಳೇ 407ಲ್ಲಿ ಮುಂದಿನದು ಒಂದೇ ಗಟ್ಟಿ ಆಕ್ಸಲ್ ತೊಲೆ. ಅದರ ಎರಡೂ ತುದೀಲಿ ಒಂದೊಂದು ಕಣ್ಣು. ಆ ಕಣ್ಣನ್ನ ಮೇಲಿಂದ ಕೆಳಗಿಂದ ಸ್ಟಬ್ ಆಕ್ಸಲಿನ ಕವಲು ಕಚ್ಚಿರ್ತದೆ, ಮೂರನ್ನೂ ಪೋಣಿಸಿ ಲಂಬವಾಗಿ ಒಂದು ದಪ್ಪ ಪಿನ್ನು, ಅದೇ ಕಿಂಗ್ ಪಿನ್. ಪಿನ್ನು ಆಕ್ಸಲ್ ಕಣ್ಣಲ್ಲಿ ತಿರುಗಲ್ಲ, ಅಡ್ಡಕ್ಕೆ ಒಂದು ಕಾಟರ್ ಹೊಡೆದು ಲಾಕ್ ಮಾಡಿರ್ತಾರೆ. ತಿರುಗೋದು ಸ್ಟಬ್ಬು. ಆ ಕವಲಿನ ಮೇಲಿನ ತೂತಲ್ಲಿ ಒಂದು ಬುಶ್ಶು, ಅಂದ್ರೆ ಸವೆದ್ರೆ ಬದಲಾಯಿಸೋ ಬಳೆ, ಕೆಳಗಿನ ತೂತಲ್ಲಿ ಒಂದು, ಎರಡು ಕಡೆ ಸೇರಿ ನಾಲ್ಕು. ಗಾಡಿ ಮುಂಭಾಗದ ತೂಕ ಹೊರೋದು ಕೆಳಗಿನ ಥ್ರಸ್ಟ್ ಬೇರಿಂಗು.

ಕಿಟ್ ತರೋಕೆ ಶಿವಮೊಗ್ಗಕ್ಕೇ ಹೋದೆ, ಆಟೋ ಕಾಂಪ್ಲೆಕ್ಸ್ ಕಡೆ. ಕಿಟ್ಟಲ್ಲಿ ಎರಡು ಪಿನ್ನು, ನಾಲ್ಕು ಬುಶ್ಶು, ಥ್ರಸ್ಟ್ ಬೇರಿಂಗು, ಸಂದಿ ತುಂಬೋ ತೆಳ್ಳನೆ ಬಿಲ್ಲೆ ಶಿಮ್ಮು, ಕಾಟರು, ಮುಚ್ಚಳ, ಗ್ರೀಸ್ ಒತ್ತೋ ನಿಪ್ಪಲ್ ಎಲ್ಲ ಬರ್ತದೆ. ಅರ್ಧ ರೇಟಿಗೂ ಸಿಗ್ತದೆ, ಡಬ್ಬಿ ಮೇಲೆ ಏನೇನೋ ಹೆಸರು. ಆ ಕಮ್ಮಿ ರೇಟಿನ ಪಿನ್ನು ಕೈಗೆ ತಗೊಂಡು ಉಗುರಲ್ಲಿ ಗೀರಿದ್ರೆ ಮೇಲೆ ಲೇತಿನ ಗೆರೆ ಸಿಗ್ತದೆ, ಒಳ್ಳೇದು ಗಾಜಿನಷ್ಟು ನುಣ್ಣಗೆ ಇರ್ತದೆ, ಗ್ರೈಂಡ್ ಮಾಡಿರ್ತಾರೆ. ಗಾಡಿ ಮಾಡೆಲ್ಲು ಹೇಳಿದ್ರೆ ಸಾಲದು, ಹಳೇ ಪಿನ್ನಿನ ದಪ್ಪ ಉದ್ದ ಅಳತೆ ಇದ್ರೆ ಒಳ್ಳೇದು, ಯಾಕಂದ್ರೆ 407 ಅನ್ನೋ ಹೆಸರಲ್ಲಿ 1986ರಿಂದ ಎಷ್ಟೋ ಥರದ ಗಾಡಿ ಬಂದಿವೆ. ಜೊತೆಗೆ ಟೈ ರಾಡ್ ಎಂಡ್ ಒಂದು ಜೊತೆ, ಡ್ರ್ಯಾಗ್ ಲಿಂಕಿನ ಎಂಡು, ಮುಂದಿನ ಪ್ಲೇಟ್ ಸೆಟ್ಟಿನ ಅಂದ್ರೆ ಸ್ಪ್ರಿಂಗ್ ಪಟ್ಟಿಗಳ ಪಿನ್ನು ಬುಶ್ಶು ಕೂಡ ತಂದೆ. ಮುಂಭಾಗ ಹೇಗೂ ಬಿಚ್ತಾ ಇದೀವಿ, ಲೇಬರ್ ಎರಡು ಸಲ ಯಾಕೆ ಕೊಡೋದು.

ಬಿಚ್ಚೋದು ಹೇಳೋಕೆ ಸುಲಭ. ಹಬ್ ಕ್ಯಾಪು, ಸ್ಪ್ಲಿಟ್ ಪಿನ್ನು, ನಟ್ಟು, ಆಮೇಲೆ ಡ್ರಮ್ಮು ಹಬ್ಬು ಒಟ್ಟಿಗೇ ಎಳೆದು ತೆಗೆದ್ರು. ಬ್ರೇಕ್ ಪ್ಲೇಟು ಶೂ ಸಮೇತ ಸ್ಟಬ್ಬಿಂದ ಬಿಚ್ಚಿ ತಂತಿ ಕಟ್ಟಿ ಚಾಸಿಗೆ ನೇತು ಹಾಕಿದ್ರು, ಹೋಸ್ ಪೈಪ್ ಬಿಚ್ಚೋ ಹಾಗಿಲ್ಲ, ಬಿಚ್ಚಿದ್ರೆ ಆಮೇಲೆ ಏರ್ ತೆಗೆಯೋ ರಗಳೆ, ಹಾಗಂತ ಹೋಸ್ ಮೇಲೆ ತೂಕ ಬಿದ್ರೂ ಕೆಟ್ಟದ್ದೇ. ಟೈ ರಾಡ್ ಎಂಡು ಕೋನ್ ಥರ ಟೇಪರಲ್ಲಿ ಕೂತಿರ್ತದೆ, ನಟ್ ತೆಗೆದ್ರೂ ಬರಲ್ಲ, ಕೆಳಗಿಂದ ಥ್ರೆಡ್ ಮೇಲೆ ಹೊಡೆದ್ರೆ ಥ್ರೆಡ್ ಹಾಳಷ್ಟೇ. ಆರ್ಮಿನ ಕಣ್ಣಿನ ಒಂದು ಮಗ್ಗುಲಿಗೆ ಒಂದು ಸುತ್ತಿಗೆ ಆನಿಸಿ ಹಿಡಿದು ಎದುರು ಮಗ್ಗುಲಿಗೆ ಇನ್ನೊಂದರಲ್ಲಿ ಕೊಟ್ರು ನೋಡಿ, ಎರಡೋ ಮೂರೋ ಏಟಿಗೆ ಪಟ್ ಅಂತ ಬಿಟ್ಕೊಂಡ್ತು. ಇದನ್ನ ನೋಡೋದೇ ಒಂದು ಖುಷಿ.

ಬಲಗಡೆ ಕಿಂಗ್ ಪಿನ್ನು ದೊಡ್ಡ ಸುತ್ತಿಗೆಗೆ ಮರ್ಯಾದೆ ಕೊಟ್ಟು ಇಳೀತು. ಎಡಗಡೆದು ಇಲ್ಲ. ಡೀಸೆಲ್ ಸುರಿದು ರಾತ್ರಿ ಬಿಟ್ರು, ಬೆಳಿಗ್ಗೆ ಮತ್ತೆ ಹೊಡೆದ್ರು, ಕಾಟರಿನ ತಲೆ ಅಣಬೆ ಆಗಿ ಅರಳ್ತು, ಅದನ್ನ ಡ್ರಿಲ್ ಹಾಕಿ ತೆಗೀಬೇಕಾಯ್ತು. ಕಡೆಗೆ ಗ್ಯಾಸ್ ವೆಲ್ಡಿಂಗ್‌ನವನ್ನ ಕರೆಸಿ ಸ್ಟಬ್ಬಿನ ಕವಲಿಗೆ ಸುತ್ತಲೂ ಬೆಂಕಿ ತೋರಿಸಿ, ಬಿಸಿ ಇರೋವಾಗ್ಲೇ ಕೆಳಗೆ ಜಾಕಿ ಆಧಾರ ಕೊಟ್ಟು ಇಬ್ಬರು ಸರದಿ ಮೇಲೆ ಹೊಡೆದಾಗ ಕೂದಲೆಳೆ ಕೂದಲೆಳೆ ಅಂತ ಇಳೀತು. ಆ ಹೊತ್ತಲ್ಲಿ ಅಲ್ಲಿ ನಿಂತಿದ್ದ ಎಲ್ಲರೂ ಒಂದೊಂದು ಐಡಿಯಾ ಕೊಟ್ಟಿದ್ರು, ಭಾಯ್ ಯಾರದ್ದೂ ಕೇಳಲಿಲ್ಲ.

ಹೊರಗೆ ಬಂದ ಪಿನ್ನನ್ನ ಭಾಯ್ ಬಟ್ಟೇಲಿ ಒರೆಸಿ ನನ್ನ ಕೈಗೆ ಕೊಟ್ರು. ಕೆಳಗಿನ ಅರ್ಧ ಪರವಾಗಿಲ್ಲ, ಗ್ರೀಸ್ ಕಪ್ಪಾಗಿ ಇತ್ತು ಆದ್ರೂ ಇತ್ತು. ಮೇಲಿನ ಬುಶ್ ಕೂರೋ ಜಾಗದಲ್ಲಿ ಪಿನ್ನು ಒಂದು ಮಗ್ಗುಲಿಗೆ ಸವೆದು ಮೆಟ್ಟಿಲು ಬಿದ್ದಿತ್ತು, ಬೆರಳಾಡಿಸಿದ್ರೆ ಉಗುರು ಸಿಕ್ಕಿ ನಿಲ್ಲೋ ಅಷ್ಟು, ಕೆಂಪು ತುಕ್ಕು ಪುಡಿ ಪುಡಿ. ಬುಶ್ಶು ಒಂದು ಕಡೆ ಕಾಗದದಷ್ಟು ತೆಳ್ಳಗೆ ಆಗಿ ಸೀಳಿತ್ತು. ಒಂದು ಹನಿ ಗ್ರೀಸ್ ಇಲ್ಲ. ಹಾಗಂತ ಗ್ರೀಸ್ ಹಾಕಿಸ್ತಾ ಇರಲಿಲ್ಲ ಅಂತಲ್ಲ, ಸರ್ವಿಸ್ ಸ್ಟೇಷನ್ನಿಗೆ ಹೋದಾಗೆಲ್ಲ ಗಾಡಿ ಕೆಳಗೆ ತೊಳೆದು ಗ್ರೀಸ್ ಹೊಡೆಸಿದ್ದೇ, ದುಡ್ಡು ಕೊಟ್ಟದ್ದೇ.

ಭಾಯ್ ಆ ಸ್ಟಬ್ಬಿನ ಮೇಲಿನ ನಿಪ್ಪಲ್ ಬಿಚ್ಚಿ ಬೆಳಕಿಗೆ ಹಿಡಿದ್ರು. ಮೂತಿ ಮೇಲೆ ಕಪ್ಪು ಪೇಂಟು, ಪದರ ಪದರ. ಕಥೆ ಅಲ್ಲಿತ್ತು. ಪ್ರತೀ ವರ್ಷ ಎಫ್‌ಸಿಗೆ ಮುಂಚೆ ಚಾಸಿ ಆಕ್ಸಲ್ಲಿಗೆಲ್ಲ ಕಪ್ಪು ಬಣ್ಣ ಹೊಡೆಸೋದು ಎಲ್ಲರೂ ಮಾಡ್ತಾರೆ, ಪೇಂಟರ್ ಗನ್ ಹಿಡಿದು ಒಂದೇ ಸಮ ಹೊಡ್ಕೊಂಡು ಹೋಗ್ತಾನೆ, ನಿಪ್ಪಲ್ ಅಂತ ನೋಡಲ್ಲ. ನಿಪ್ಪಲ್ ಮೂತೀಲಿ ಒಂದು ಸಣ್ಣ ಗುಂಡು ಸ್ಪ್ರಿಂಗ್ ಮೇಲೆ ಕೂತಿರ್ತದೆ, ಗ್ರೀಸ್ ಒತ್ತಡಕ್ಕೆ ಒಳಗೆ ಹೋಗಿ ದಾರಿ ಬಿಡಬೇಕು. ಪೇಂಟ್ ಒಣಗಿ ಗುಂಡು ಅಂಟ್ಕೊಂಡ್ರೆ ಗನ್ನಿನ ಗ್ರೀಸ್ ಒಳಗೆ ಹೋಗದೆ ಪಕ್ಕದಿಂದ ಸುರುಳಿ ಸುರುಳಿಯಾಗಿ ಹೊರಗೆ ಬರ್ತದೆ. ಸರ್ವಿಸಿನ ಹುಡುಗ ಗ್ರೀಸ್ ಹೊರಗೆ ಬಂತು ಅಂದ್ರೆ ತುಂಬಿತು ಅಂದ್ಕೊಂಡು ಮುಂದಿನದಕ್ಕೆ ಹೋಗ್ತಾನೆ. ಹೊರಗಿಂದ ನೋಡೋರಿಗೆ ನಿಪ್ಪಲ್ ಸುತ್ತ ಹಸಿ ಗ್ರೀಸು, ಒಳಗೆ ಬರಗಾಲ. ಮೇಲಿಂದ ನಮ್ಮ ಮಳೆ, ತೋಟದ ರಸ್ತೆ ಕೆಸರು ನೀರು ಬೇರೆ. ಸ್ಟಬ್ಬಿನ ಒಳಗೆ ನಿಪ್ಪಲಿಂದ ಬುಶ್ಶಿಗೆ ಹೋಗೋ ತೂತಲ್ಲಿ ಹಳೇ ಗ್ರೀಸು ತಳ ಹತ್ತಿದ ಬೆಲ್ಲದ ಪಾಕದ ಹಾಗೆ ಗಟ್ಟಿಯಾಗಿ ಕೂತಿತ್ತು, ಹುಡುಗ ಸೈಕಲ್ ಕಡ್ಡಿ ಹಾಕಿ ಕೆರೆದು ಕೆರೆದು ತೆಗೆದ. ಗಾಡಿ ಹಳೇದಾಯ್ತು ಅದಕ್ಕೆ ಸವೆದಿದೆ ಅಂತ ಎಲ್ಲರೂ ಹೇಳ್ತಿದ್ರಲ್ಲ, ಅಷ್ಟೇ ವಯಸ್ಸಿನ ಬಲಗಡೆ ಪಿನ್ನು ಅದರ ಅರ್ಧದಷ್ಟೂ ಸವೆದಿರಲಿಲ್ಲ. ವಯಸ್ಸು ಎರಡಕ್ಕೂ ಒಂದೇ ತಾನೆ.

ಇನ್ನು ಹೊಸ ಬುಶ್ ಕೂರಿಸೋದು. ಇದು ಲೇತ್ ಅಂಗಡಿ ಕೆಲಸ. ಸ್ಟಬ್ ಎರಡೂ ಹೊತ್ಕೊಂಡು ಹೋಗಿ ಹಳೇ ಬುಶ್ ಹೊಡೆದು ತೆಗೆದು, ಹೊಸದನ್ನ ಪ್ರೆಸ್ಸಲ್ಲಿ ಒತ್ತಿದ್ರು. ಇಲ್ಲಿ ಎರಡು ವಿಷಯ ನಿಂತು ನೋಡಬೇಕು, ಮೇಸ್ತ್ರಿ ಮೇಲೆ ನಂಬಿಕೆ ಇದ್ರೂ ನೋಡಬೇಕು. ಒಂದು, ಬುಶ್ಶಲ್ಲಿರೋ ಗ್ರೀಸ್ ತೂತು ಸ್ಟಬ್ಬಿನ ನಿಪ್ಪಲ್ ತೂತಿಗೆ ನೇರ ಬರಬೇಕು, ಸ್ವಲ್ಪ ತಿರುಗಿ ಕೂತ್ರೂ ಹೊಸ ಬುಶ್ಶಿಗೆ ಮೊದಲ ದಿನದಿಂದಲೇ ಉಪವಾಸ. ಒತ್ತೋ ಮುಂಚೆ ಬುಶ್ ಮೇಲೆ ಸ್ಟಬ್ ಮೇಲೆ ಎರಡರಲ್ಲೂ ಮಾರ್ಕರ್ ಗೆರೆ ಹಾಕಿಸಿದೆ. ಇನ್ನೊಂದು, ಒತ್ತಿದ್ಮೇಲೆ ಬುಶ್ಶಿನ ಒಳಗಿನ ಅಳತೆ ಸ್ವಲ್ಪ ಕುಗ್ತದೆ, ಪಿನ್ನು ಹೋಗಲ್ಲ, ತೂತು ಕೊರೆದು ಅಳತೆಗೆ ತರೋ ರೀಮರ್ ಹಾಕಲೇಬೇಕು. ಮೇಲಿಂದು ಬೇರೆ ಕೆಳಗಿಂದು ಬೇರೆ ಅಂತ ಗಿಡ್ಡ ರೀಮರ್ ಹಾಕಿದ್ರೆ ಎರಡು ತೂತು ಒಂದೇ ಲೈನಲ್ಲಿ ಬರೋದು ಗ್ಯಾರಂಟಿ ಇಲ್ಲ. ಅವರ ಹತ್ರ ಉದ್ದ ರೀಮರ್ ಇತ್ತು, ಒಂದು ಬುಶ್ಶಲ್ಲಿ ದಂಡ ಆಧಾರಕ್ಕೆ ಕೂತು ಇನ್ನೊಂದನ್ನ ಕೊರೆಯೋದು. ಸ್ವಲ್ಪ ಕೊರೆಯೋದು, ಒರೆಸೋದು, ಪಿನ್ ಹಾಕಿ ನೋಡೋದು, ರೀಮರ್ ಬ್ಲೇಡ್ ಒಂಚೂರು ಅಗಲ ಮಾಡೋದು, ಮತ್ತೆ. ಮಧ್ಯಾಹ್ನ ಪೂರ್ತಿ ಇದೇ ಆಯ್ತು. ಎಣ್ಣೆ ಹಚ್ಚಿದ ಪಿನ್ನು ಹೆಬ್ಬೆರಳಲ್ಲಿ ಒತ್ತಿದ್ರೆ ನಿಧಾನಕ್ಕೆ ಇಳೀಬೇಕು, ಬಿಟ್ರೆ ತಾನಾಗೇ ಬೀಳಬಾರದು. ಅಲ್ಲಿಗೆ ನಿಲ್ಲಿಸಿದ್ರು. ಇನ್ನೊಂದು ಸುತ್ತು ಕೊಡ್ಲಾ, ಸ್ಟೀರಿಂಗ್ ಹಗುರ ಆಗ್ತದೆ ಅಂತ ಲೇತಿನವರು ಕೇಳಿದ್ದಕ್ಕೆ ಭಾಯ್ "ಹಗುರ ಅದೇ ಆಗ್ತದೆ, ನೀವು ಬಿಡಿ" ಅಂದ್ರು.

ಆಕ್ಸಲ್ ಕಣ್ಣಲ್ಲೂ ಹೊಸ ಪಿನ್ ಹಾಕಿ ನೋಡಿದ್ರು. ಅದು ಸಡಿಲ ಇದ್ದಿದ್ರೆ ಆಕ್ಸಲ್ಲೇ ಇಳಿಸಿ ಬೋರ್ ಮಾಡಿ ಸ್ಲೀವ್ ಹಾಕೋ ದೊಡ್ಡ ಖರ್ಚು, ಪುಣ್ಯಕ್ಕೆ ಟೈಟಾಗೇ ಇತ್ತು.

ಜೋಡಿಸೋವಾಗ ಥ್ರಸ್ಟ್ ಬೇರಿಂಗಿಗೆ ಒಂದು ಮುಚ್ಚಿದ ಮಗ್ಗುಲಿದೆ, ಅದು ಮೇಲಕ್ಕೆ ಬರಬೇಕು, ತಿರುವು ಮುರುವಾದ್ರೆ ಮೇಲಿಂದ ಬಂದ ಧೂಳು ನೀರೆಲ್ಲ ಸೀದಾ ಗುಂಡುಗಳ ಮಧ್ಯಕ್ಕೆ. ಆಕ್ಸಲ್ ಕಣ್ಣಿನ ಮೇಲ್ಗಡೆ ಸಂದಿಗೆ ಶಿಮ್ಮು. ಒಂದು ಹಾಕಿದ್ರೆ ಸ್ಟಬ್ ಮೇಲೆ ಕೆಳಗೆ ಆಡ್ತಿತ್ತು, ಎರಡು ಹಾಕಿದ್ರೆ ಕೈಲಿ ತಿರುಗಿಸೋಕೇ ಆಗ್ತಿರಲಿಲ್ಲ, ಕಿಟ್ಟಲ್ಲಿದ್ದ ತೆಳ್ಳನೆದು ಹುಡುಕಿ ಒಂದರ ಜೊತೆ ಅದನ್ನ ಹಾಕಿದ್ಮೇಲೆ ಸರಿ ಕೂತ್ತು. ಪಿನ್ನಲ್ಲಿರೋ ಕಚ್ಚು ಕಾಟರ್ ತೂತಿಗೆ ಸರಿಯಾಗಿ ಎದುರು ಬರೋ ಹಾಗೆ ತಿರುಗಿಸಿ ಇಳಿಸಿ, ಕಾಟರ್ ಹೊಡೆದು ನಟ್ ಬಿಗಿದ್ರು. ಹೊಸ ನಿಪ್ಪಲ್ ಹಾಕಿ, ಚಕ್ರ ಎತ್ತಿರೋವಾಗ್ಲೇ ಗ್ರೀಸ್ ಒತ್ತಿದ್ರು. ನೆಲದ ಮೇಲೆ ನಿಂತ ಗಾಡಿಗೆ ಒತ್ತಿದ್ರೆ ತೂಕ ಬಿದ್ದಿರೋ ಮಗ್ಗುಲಿಗೆ ಗ್ರೀಸ್ ನುಗ್ಗಲ್ಲ. ಬುಶ್ಶಿನ ಅಂಚಿಂದ ಹೊಸ ಗ್ರೀಸ್ ಉಂಗುರದ ಥರ ಸುತ್ತಲೂ ಇಣುಕಿದ್ಮೇಲೇ ಮುಂದಿನ ನಿಪ್ಪಲ್ಲು.

ಟೈ ರಾಡ್ ಎಂಡ್‌ಗಳು ಸುಲಭ. ಒಂದು ಕಡೆ ಬಲ ಥ್ರೆಡ್ಡು ಇನ್ನೊಂದು ಕಡೆ ಎಡ ಥ್ರೆಡ್ಡು, ಹಳೇದು ಬಿಚ್ಚೋವಾಗ ಎಷ್ಟು ಸುತ್ತು ಬಂತು ಅಂತ ಎಣಿಸಿ ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಬರೆದಿಟ್ಟು ಹೊಸದನ್ನ ಅಷ್ಟೇ ಸುತ್ತು ಹಾಕಿದ್ರೆ ಅಲೈನ್‌ಮೆಂಟ್ ಹತ್ತಿರ ಹತ್ತಿರ ಬರ್ತದೆ.

ಬೆವರಿಳಿಸಿದ್ದು ಪ್ಲೇಟ್ ಸೆಟ್ಟಿನ ಬುಶ್ಶು. ಮೇನ್ ಪ್ಲೇಟಿನ ಸುರುಳಿ ಕಣ್ಣಲ್ಲಿ ಅದು ತುಕ್ಕು ಹಿಡಿದು ಒಂದಾಗಿತ್ತು. ಹೊಡೆದ್ರೆ ಕಣ್ಣೇ ಬಿಚ್ಕೊಳ್ಳೋ ಭಯ. ಹುಡುಗ ಹ್ಯಾಕ್ಸಾ ಬ್ಲೇಡನ್ನ ಫ್ರೇಮಿಂದ ಬಿಚ್ಚಿ ಬುಶ್ಶಿನ ಒಳಗೆ ತೂರಿಸಿ ಮತ್ತೆ ಫ್ರೇಮಿಗೆ ಹಾಕಿ ಒಳಗಿಂದ ಹೊರಕ್ಕೆ ಉದ್ದಕ್ಕೂ ಒಂದು ಸೀಳು ಕೊಯ್ದ, ಪ್ಲೇಟಿಗೆ ತಾಗೋ ಮುಂಚೆ ನಿಲ್ಲಿಸಿ ಚಾಣದಲ್ಲಿ ಮಡಚಿ ಎಳೆದ. ಹೊಸದು ಹಾಕೋಕೆ ಸುತ್ತಿಗೆ ಮುಟ್ಟಲೇ ಇಲ್ಲ, ಉದ್ದ ಥ್ರೆಡ್ ರಾಡು, ಎರಡು ವಾಷರು, ಒಂದು ತುಂಡು ಪೈಪು, ನಟ್ ಬಿಗೀತಾ ಹೋದ ಹಾಗೆ ಬುಶ್ ತಾನೇ ಒಳಗೆ ನಡೀತು. ಈ ಹುಡುಗನಿಗೆ ಇನ್ನೂ ಮೀಸೆ ಬಂದಿಲ್ಲ, ಕೈ ಮಾತ್ರ ಭಾಯ್ ಕೈನೇ.

ಟೋ-ಇನ್, ಅಂದ್ರೆ ಮುಂದಿನ ಚಕ್ರಗಳು ಮುಂಭಾಗದಲ್ಲಿ ಎಷ್ಟು ಒಳಕ್ಕೆ ತಿರುಗಿವೆ ಅನ್ನೋದು, ನೋಡಿದ್ದು ಟೇಪಲ್ಲೇ. ಎರಡೂ ಟೈರಿನ ಮುಂಭಾಗದಲ್ಲಿ ನಡುಗೆರೆಗೆ ಆಕ್ಸಲ್ ಎತ್ತರದಲ್ಲಿ ಸೀಮೆಸುಣ್ಣದ ಗುರುತು ಹಾಕಿ ಅಳೆದು, ಗಾಡಿ ತಳ್ಳಿ ಅದೇ ಗುರುತು ಹಿಂಭಾಗಕ್ಕೆ ಬಂದಾಗ ಮತ್ತೆ ಅಳೆಯೋದು. ಮುಂದೆ ಎರಡು ಮೂರು ಮಿಲಿ ಕಮ್ಮಿ ಇರೋ ಹಾಗೆ ಟೈ ರಾಡ್ ತಿರುಗಿಸಿ ಲಾಕ್ ಮಾಡಿದ್ರು. ಬಾಕ್ಸಿಗೆ 90ರ ಗೇರ್ ಆಯಿಲ್ ತುಂಬಿಸಿದ್ದು ಬಿಟ್ರೆ ಬೇರೇನೂ ಮಾಡಲಿಲ್ಲ. ಆ ಸ್ಕ್ರೂ ಹಾಗೇ ಇದೆ.

ಶೆಡ್ಡಿಂದ ಹೊರಟಾಗ ಸ್ಟೀರಿಂಗ್ ಭಾರ ಅನ್ನಿಸ್ತು, ತಿರುವು ಮುಗಿದ್ಮೇಲೆ ತಾನಾಗೇ ನೇರ ಬರ್ತಿರಲಿಲ್ಲ, ಕೈಲಿ ತರಬೇಕಿತ್ತು. ಹೊಸ ಬುಶ್ಶು, ಒಂದಷ್ಟು ಓಡಲಿ ಅಂದಿದ್ರು, ಹಾಗೇ ಆಯ್ತು, ಶಿವಮೊಗ್ಗಕ್ಕೆ ಒಂದೆರಡು ಬಾಡಿಗೆ ಹೋಗಿ ಬರೋದ್ರೊಳಗೆ ಬಿಟ್ಕೊಂಡ್ತು. ಆನಂದಪುರ ದಾಟಿದ್ಮೇಲೆ ಬೇಕಂತಲೇ ಒಂದು ಗುಂಡಿಗೆ ಇಳಿಸಿ ನೋಡಿದೆ, ದಡ್ ಅಂತ ಒಂದು ಏಟು, ಅಷ್ಟೇ, ಅಲ್ಲಾಟ ಇಲ್ಲ. ಎಫ್‌ಸಿ ಇನ್ಸ್‌ಪೆಕ್ಟರ್ ಸ್ಟೀರಿಂಗ್ ಒಂದು ಸಲ ಆಡಿಸಿ, ಕೆಳಗೆ ಬಗ್ಗಿ ಟೈ ರಾಡಿನ ರಬ್ಬರ್ ಕ್ಯಾಪ್ ನೋಡಿ, ಹೆಡ್‌ಲೈಟ್ ಕಡೆ ಹೋದ್ರು.

ಈ ಸಲ ಪೇಂಟ್ ಹೊಡೆಸೋ ಮುಂಚೆ ಮುಂದಿನ ಹಿಂದಿನ ಎಲ್ಲ ನಿಪ್ಪಲ್ಲಿಗೂ ಸೈಕಲ್ ವಾಲ್ ಟ್ಯೂಬಿನ ತುಂಡು ಕತ್ತರಿಸಿ ಟೊಪ್ಪಿ ಹಾಕಿಸಿದ್ದೆ. ಪೇಂಟರ್ ಮುಖ ಸಿಂಡರಿಸ್ಕೊಂಡು, ನಾಳೆ ಗಾಳಿ ನಿಪ್ಪಲ್ಲಿಗೂ ಸ್ವೆಟರ್ ಹಾಕ್ತೀರೇನೋ ಅಂದ. ಹಿಂದಿನ ಪ್ಲೇಟ್ ಸೆಟ್ಟು ನೇತಾಡೋ ಶ್ಯಾಕಲಿನ ಬುಶ್ ಒಂದು ಬಾಕಿ ಇದೆ, ಖಾಲಿ ಗಾಡೀಲಿ ಕಟಕಟ ಅಂತದೆ, ಅಡಿಕೆ ಸೀಸನ್ ಮುಗಿದ್ಮೇಲೆ ನೋಡಬೇಕು.